ಎತ್ತಬೇಡ, ಎಳಿ!

ಬೆಳಗ್ಗೆ ಆರೂವರೆಗೆ ದೋಣಿ ಹತ್ತುವ ಮೊದಲೇ ಜಗಳ ಶುರುವಾಯಿತು. ನನ್ನ ಚೀಲದಲ್ಲಿ ನಾಲ್ಕು ಬಾಳೆಹಣ್ಣು ಇದ್ದವು. ಗೆಳೆಯ ನೋಡಿದವನೇ, "ಇದನ್ನ ಇಲ್ಲೇ ತಿಂದು ಮುಗಿಸು ಮಾರಾಯ. ದೋಣೀಲಿ ಬಾಳೆಹಣ್ಣು ಇದ್ರೆ ಮೀನು ಸಿಗಲ್ಲ" ಅಂದ. ಇಲ್ಲಿಯ ಮೀನು ಹಿಡಿಯುವವರ ಹಳೇ ನಂಬಿಕೆಯಂತೆ ಅದು. ಶಿವಮೊಗ್ಗದ ಸಾಗರದ ಕಡೆಯವನು, ಬಾಳೆಹಣ್ಣಿಲ್ಲದೆ ಒಂದು ಪೂಜೆಯೂ ಆಗದ ಮನೆಯಲ್ಲಿ ಬೆಳೆದವನು, ಫ್ಲೋರಿಡಾಕ್ಕೆ ಬಂದು ಹೀಗಾಗಿದ್ದಾನೆ. ವಾದ ಬೇಡ ಅಂತ ನಾಲ್ಕನ್ನೂ ನಿಂತಲ್ಲೇ ತಿಂದೆ.

ಅದಕ್ಕಿಂತ ದೊಡ್ಡ ತಮಾಷೆ ಏನೆಂದರೆ, ಈ ಮನುಷ್ಯ ಮೀನು ತಿನ್ನಲ್ಲ. ಮೊಟ್ಟೆಯನ್ನೂ ಮುಟ್ಟಲ್ಲ. ಆದರೆ ರಜೆ ಬಂತೆಂದರೆ ಮಯಾಮಿಯಿಂದ ದೋಣಿ ಎಳೆದುಕೊಂಡು ದಕ್ಷಿಣದ ದ್ವೀಪಗಳ ಊರು ಐಲಮೊರಾಡಕ್ಕೆ ಓಡುತ್ತಾನೆ. ನಾನು ಕುಂದಾಪುರದವನು. ನನ್ನ ಮಟ್ಟಿಗೆ ಮೀನು ಹಿಡಿಯೋದು ತಿನ್ನೋಕೆ. ಆ ಏಪ್ರಿಲ್ ಶನಿವಾರ ನಾವು ಹೊರಟಿದ್ದು ಬೋನ್‌ಫಿಶ್ ಅನ್ನೋ ಮೀನು ಹುಡುಕಿಕೊಂಡು, ಅದೂ ಎರೆಹುಳದ ಬದಲು 'ಫ್ಲೈ' ಕಟ್ಟಿದ ಗಾಳದಲ್ಲಿ. ಫ್ಲೋರಿಡಾದಲ್ಲಿ 2013ರಿಂದ ಅದನ್ನು ಹಿಡಿದರೆ ಬಿಡಲೇಬೇಕು, ಮನೆಗೆ ತರುವ ಹಾಗಿಲ್ಲ. ಹೆಸರೇ ಹೇಳುವಂತೆ ಮೈಯೆಲ್ಲ ಮುಳ್ಳು. "ಹಂಗಾದ್ರೆ ಹಿಡಿಯೋದ್ಯಾಕೆ?" ಅಂತ ದಾರಿಯುದ್ದಕ್ಕೂ ಕೇಳಿದೆ. "ನೋಡ್ತೀಯಲ್ಲ" ಅಂದ, ಅಷ್ಟೇ.

ದೋಣಿ ಹದಿನೇಳು ಅಡಿಯದು, ಚಪ್ಪಟೆ ತಳ, ಒಂದು ಅಡಿ ನೀರಿದ್ದರೂ ತೇಲುತ್ತದೆ. ಆಳ ಕಡಿಮೆಯಾದ ಕೂಡಲೇ ಎಂಜಿನ್ ಬಂದ್. ಇಲ್ಲಿ ಸಮುದ್ರದ ತಳದಲ್ಲಿ ಹುಲ್ಲು ಬೆಳೆಯುತ್ತದೆ. ಎಂಜಿನ್ನಿನ ರೆಕ್ಕೆ ತಾಗಿದರೆ ಉಳುಮೆ ಮಾಡಿದ ಹಾಗೆ ಸಾಲು ಬೀಳುತ್ತದೆ, ಅದು ತುಂಬಲು ವರ್ಷಗಟ್ಟಲೆ ಬೇಕು. ಅದಕ್ಕೇ ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕಿಗೆ ಸೇರಿದ ನೀರಲ್ಲಿ ದೋಣಿ ಓಡಿಸುವವರು ಆನ್‌ಲೈನ್ ಪಾಠ ಮುಗಿಸಿ ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು. ಗೆಳೆಯ ಎಂಜಿನ್ ಮೇಲೆ ಕಟ್ಟಿದ್ದ ಅಟ್ಟಣಿಗೆ ಹತ್ತಿ, ಇಪ್ಪತ್ತಡಿ ಉದ್ದದ ಗಳ ಊರಿ ತಳ್ಳತೊಡಗಿದ. ಗಂಗೊಳ್ಳಿ ಹೊಳೆಯಲ್ಲಿ ಬಿದಿರ ಗಳ ಊರಿ ದೋಣಿ ನಡೆಸುವವರನ್ನು ನೋಡಿ ಬೆಳೆದವನು ನಾನು. ಇದೊಂದು ಮಾತ್ರ ಪಕ್ಕಾ ನಮ್ಮೂರಿನ ಹಾಗೇ ಇತ್ತು. ಗಳ ಫೈಬರ್‌ದು ಅನ್ನೋದು ಬಿಟ್ಟರೆ.

ನನ್ನನ್ನು ಮುಂದೆ ನಿಲ್ಲಿಸಿ ಶೂ ಬಿಚ್ಚು ಅಂದ. ಯಾಕೆಂದರೆ ದಾರ ಕಾಲ ಬುಡದಲ್ಲೇ ಸುರುಳಿಯಾಗಿ ಬಿದ್ದಿರುತ್ತದೆ. ಅದರ ಮೇಲೆ ನಿಂತರೆ ಬರಿಗಾಲಿಗಾದರೆ ಗೊತ್ತಾಗುತ್ತದೆ. ನಾನು ಬರಿಗಾಲಲ್ಲೂ ನಿಂತೆ, ಮೂರು ಸಲ.

ಫ್ಲೈ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಸಣ್ಣ ಗಾಳದ ಮುಳ್ಳಿಗೆ ದಾರ ಸುತ್ತಿ, ಚೂರು ರೋಮ, ಮಿಂಚುವ ಎಳೆ, ಕಣ್ಣಿನ ಜಾಗದಲ್ಲಿ ಎರಡು ಲೋಹದ ಮಣಿ ಕಟ್ಟಿರುತ್ತಾರೆ. ಅಂಗೈಯಲ್ಲಿಟ್ಟು ನೋಡಿದರೆ ಕಿವಿಯ ಓಲೆ ಮುರಿದು ಬಿದ್ದ ಹಾಗಿತ್ತು. ನೀರಿಗೆ ಹಾಕಿ ಎಳೆದರೆ ಥೇಟ್ ಸಿಗಡಿ ಮರಿ. ಇದಕ್ಕೆ ಹೇಳಿಕೊಳ್ಳುವಂಥ ತೂಕ ಇಲ್ಲ. ನಮ್ಮ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ, ಇಲ್ಲಿ ದಪ್ಪ ದಾರವೇ ಫ್ಲೈಯನ್ನು ಒಯ್ಯಬೇಕು. ಒಂಬತ್ತು ಅಡಿ ಕೋಲನ್ನು ಹಿಂದೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದೆ ಬೀಸಬೇಕು. ಆ ಕಾಯೋದಿದೆಯಲ್ಲ, ಅದೇ ನನಗೆ ಬರಲ್ಲ. ಎರಡನೇ ಬೀಸಿಗೇ ಫ್ಲೈ ನನ್ನ ಟೋಪಿಗೆ ಸಿಕ್ಕಿಹಾಕಿಕೊಂಡಿತು.

"ಹನ್ನೊಂದು ಗಂಟೆಗೆ! ನಲವತ್ತಡಿ!" ಅಂತ ಮೇಲಿಂದ ಪಿಸುಗುಟ್ಟಿದ. ನಾನು ಗಡಿಯಾರ ನೋಡಿಕೊಂಡೆ. ಇನ್ನೂ ಒಂಬತ್ತೂ ಇಪ್ಪತ್ತು. ದೋಣಿಯ ಮೂತಿ ಹನ್ನೆರಡು ಗಂಟೆ, ಅಲ್ಲಿಂದ ಎಡಕ್ಕೆ ಹನ್ನೊಂದು, ಬಲಕ್ಕೆ ಒಂದು ಅನ್ನೋದು ಇವರ ಲೆಕ್ಕ. ನಾನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಹನ್ನೊಂದು ಗಂಟೆ ಖಾಲಿ.

ಮೀನು ಕಾಣೋದೇ ಇಲ್ಲ. ಅದರ ಮೈ ಕನ್ನಡಿ ಇದ್ದ ಹಾಗೆ, ಕೆಳಗಿನ ಹುಲ್ಲು ಮರಳನ್ನೇ ತೋರಿಸುತ್ತದೆ. "ಮೀನು ಹುಡುಕಬೇಡ, ನೆರಳು ಹುಡುಕು" ಅಂದ. ಬಿಸಿಲು ಬೆನ್ನಿಗಿತ್ತು, ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕವೂ ಇತ್ತು. ಆದರೂ ಗಂಟೆಗಟ್ಟಲೆ ನನಗೆ ಕಂಡಿದ್ದು ತೊರಕೆ, ಒಂದು ಸಣ್ಣ ಶಾರ್ಕ್, ಮತ್ತೆ ಬರೀ ನೀರು.

ನೀರು ಏರತೊಡಗಿದ ಮೇಲೆ ಅವು ಬಂದವು. ಮೊಣಕಾಲು ಮುಳುಗದಷ್ಟು ನೀರಲ್ಲಿ ತಲೆ ಕೆಸರಿಗೆ ಊರಿ, ಬಾಲ ಮೇಲೆತ್ತಿ ಮೇಯುತ್ತಿದ್ದವು. ನಾಲ್ಕೈದು ಬಾಲ, ಬಿಸಿಲಿಗೆ ಪಳ್ ಅಂತ ಹೊಳೆದು, ಒಂದು ಕ್ಷಣ ಅಲುಗಾಡಿ, ಮುಳುಗಿ, ಮತ್ತೆ ಎರಡು ಮಾರು ದೂರದಲ್ಲಿ ಏಳುತ್ತಿದ್ದವು. ನನ್ನ ಬಾಯಿ ಒಣಗಿಹೋಯಿತು. ದೇವರ ದಯೆ, ಬೀಸು ಸರಿಯಾಗಿ ಬಿತ್ತು. ಬಾಲಗಳಿಗಿಂತ ಒಂದು ಮಾರು ಮುಂದೆ. ಎಡಗೈಯಲ್ಲಿ ದಾರವನ್ನು ಚೂರು ಚೂರೇ ಎಳೆದೆ. ಒಂದು ಮೀನು ತಿರುಗಿತು. ಫ್ಲೈಯ ಹಿಂದೆಯೇ ಬಂತು. ತಲೆ ಬಗ್ಗಿಸಿತು.

"ಎಳಿ!" ಅಂತ ಅವನು ಕಿರುಚಿದ.

ನಾನು ಎತ್ತಿದೆ. ಕೋಲನ್ನು ಆಕಾಶಕ್ಕೆ. ಎಂಟು ವರ್ಷದ ಹುಡುಗನಾಗಿದ್ದಾಗ ಹೊಳೆಬದಿಯಲ್ಲಿ ಎರೆಹುಳ ಸಿಕ್ಕಿಸಿ ಕೂತು, ದಾರ ಅಲುಗಿದ ಕೂಡಲೇ ಚಟ್ಟನೆ ಎತ್ತುತ್ತಿದ್ದೆನಲ್ಲ, ಹಾಗೆ. ಬೋನ್‌ಫಿಶ್ ಬಾಯಿ ಕೆಳಮುಖ. ತಳದಲ್ಲಿದ್ದುದನ್ನು ಬಗ್ಗಿ ಹೆಕ್ಕುತ್ತದೆ. ಕೋಲು ನೀರಿಗೇ ತೋರಿಸಿಕೊಂಡು ಕೈಯಲ್ಲಿ ದಾರ ಎಳೆದರೆ ಮುಳ್ಳು ಕಚ್ಚುತ್ತದೆ. ಎತ್ತಿದರೆ ಬಾಯಿಗೆ ಬಂದ ತುತ್ತನ್ನು ನಾವೇ ಕಿತ್ತುಕೊಂಡ ಹಾಗೆ. ಇದನ್ನು ಅವನು ಬೆಳಗಿನಿಂದ ಹತ್ತು ಸಲ ಹೇಳಿದ್ದ. ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ಇಡೀ ಗುಂಪು ಕೆಸರೆಬ್ಬಿಸಿ ಓಡಿಹೋಯಿತು.

ಅವನು ಬೈಯಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಜಾಗ ಬದಲಾಯಿಸಿದೆವು. ಗಳ ನನ್ನ ಕೈಗೆ, ಕೋಲು ಅವನ ಕೈಗೆ. ಅರ್ಧ ಗಂಟೆಯೊಳಗೆ ಅವನಿಗೆ ಒಂದು ಸಿಕ್ಕಿತು. ನಾನು ಅಂಥ ಓಟ ನೋಡಿಲ್ಲ. ರೀಲ್ ಕಿರ್ರೆಂದು ಅರಚಿಕೊಂಡು, ದಪ್ಪ ದಾರವೆಲ್ಲ ಮುಗಿದು, ಅದರ ಹಿಂದೆ ಸುತ್ತಿದ್ದ ಸಣ್ಣ ದಾರವೂ ಬಿಚ್ಚುತ್ತಾ ಹೋಯಿತು. ಅವನ ಬೆರಳ ಮೇಲೆ ದಾರ ಉಜ್ಜಿ ಕೆಂಪು ಗೆರೆ. ಹತ್ತು ನಿಮಿಷದ ಮೇಲೆ ಮೀನು ದೋಣಿಯ ಪಕ್ಕ ಬಂತು. ನಾಲ್ಕು ಪೌಂಡ್ ಇದ್ದಿರಬಹುದು. ಅವನು ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿಂದ ಎತ್ತದೇ ಮುಳ್ಳು ಬಿಡಿಸಿದ. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಸುಸ್ತಾದ ಮೀನು ಬಿಟ್ಟ ಕೂಡಲೇ ಶಾರ್ಕ್ ಪಾಲಾಗುವುದೂ ಉಂಟು. ಅದಕ್ಕೇ ಎರಡೂ ಕೈಯಲ್ಲಿ ಹಿಡಿದು ಕಾದ. ಕಿವಿರು ಆಡುತ್ತಿತ್ತು. ಬಾಲ ಒಮ್ಮೆ ಜೋರಾಗಿ ಬೀಸಿತು, ಅವನ ಕೈ ಖಾಲಿ.

ಚಂದ ಇತ್ತು, ಇಲ್ಲ ಅನ್ನಲ್ಲ. ಆದರೂ ತಿನ್ನದವನು ಮೀನಿನ ಬಾಯಿಗೆ ಮುಳ್ಳು ಚುಚ್ಚೋದು ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಹೇಳಿದೆ ಕೂಡ. "ನೀನು ತಿಂದ್ರೆ ಅದಕ್ಕೆ ಸಮಾಧಾನ ಆಗತ್ತಾ?" ಅಂತ ಕೇಳಿದ. ಉತ್ತರ ಇರಲಿಲ್ಲ. ಅವನ ಮನೆಯ ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಅದನ್ನು ತಿಂದೆವು.

ಮಧ್ಯಾಹ್ನ ಗಾಳಿ ಎದ್ದಿತು. ಮ್ಯಾಂಗ್ರೋವ್ ಬೇರುಗಳ ಸಂದಿಗೆ ಸುಮ್ನೆ ಒಂದು ಬೀಸಿದೆ. ಏನೋ ಹಿಡಿಯಿತು. ಮತ್ತೆ ಎತ್ತಿದೆ, ಈ ಸಲ ಸಿಕ್ಕಿಬಿಟ್ಟಿತು! ಮ್ಯಾಂಗ್ರೋವ್ ಸ್ನ್ಯಾಪರ್, ನಮ್ಮ ಕೆಂಬೇರಿಯ ಬಳಗ. ತಿನ್ನಬಹುದಾದ ಮೀನು! ನಾನು ಆಗಲೇ ಮೆಣಸು ಅರೆಯತೊಡಗಿದ್ದೆ. ಗೆಳೆಯ ಸ್ಕೇಲ್ ತೆಗೆದು ಅಳೆದ. ಹತ್ತು ಇಂಚು ಇರಬೇಕಿತ್ತು, ಎಂಟೂವರೆ.

"ಬಿಡು" ಅಂದ.

ದಡಕ್ಕೆ ಬಂದು ದೋಣಿ ತೊಳೆಯುವಾಗ ನನ್ನ ಚೀಲ ಎತ್ತಿ ಕೊಡಲು ಹೋದವನು ಮೂಗು ಮುರಿದ. ಹೊರಗಿನ ಜೇಬಿಗೆ ಕೈ ಹಾಕಿದ. ನಾಲ್ಕು ಬಾಳೆಹಣ್ಣಿನ ಸಿಪ್ಪೆ, ಬಿಸಿಲಿಗೆ ಕಪ್ಪಾಗಿದ್ದವು. ಕಸದ ಡಬ್ಬಿ ಕಾಣಲಿಲ್ಲ ಅಂತ ಬೆಳಗ್ಗೆ ಅಲ್ಲೇ ತುರುಕಿದ್ದೆ.

"ದಿನವಿಡೀ ದೋಣೀಲೇ ಇತ್ತಾ?" ಅಂದ.

"ನಿನಗೆ ಸಿಕ್ಕಿತಲ್ಲೋ" ಅಂದೆ.

ಮಯಾಮಿ ತಲುಪುವವರೆಗೂ ಮಾತಾಡಲಿಲ್ಲ.