‘ಸೆಟ್’ ಅನ್ನೋ ಪುಟ್ಟ ಪದ

ಇಂಗ್ಲಿಷಿನ ‘ಸೆಟ್’ಗೆ ಎಷ್ಟು ಅರ್ಥ ಇದೆ ಗೊತ್ತಾ? 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದಕ್ಕೇ. ಸುಮಾರು 430 ಅರ್ಥ, ಅವನ್ನು ಬಿಡಿಸಿ ಹೇಳಲು 60,000 ಪದ! ಆಮೇಲೆ ‘ರನ್’ 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿತು. ಆದರೂ ನನಗೆ ಸೆಟ್ ಮೇಲೇ ಪ್ರೀತಿ ಜಾಸ್ತಿ.

ಸೂರ್ಯ ಮುಳುಗಿದರೂ ಸೆಟ್, ಸಿಮೆಂಟ್ ಗಟ್ಟಿಯಾದರೂ ಸೆಟ್. ಮುರಿದ ಮೂಳೆ ಕೂಡಿಸುವುದೂ ಅದೇ, ಅಲಾರಂ ಇಡುವುದೂ ಅದೇ. ಟೆನಿಸ್‌ನದು ಬೇರೆ, ಗಣಿತದ್ದು ಬೇರೆ.

ಇದರ ಹಿಂದಿನ ಕಥೆ ಇನ್ನೂ ಚೆಂದ. ಇಡು, ಕೂರಿಸು ಅನ್ನೋ ಕ್ರಿಯಾಪದ ಹಳೆಯ ಇಂಗ್ಲಿಷಿನದೇ. ಗುಂಪು ಅನ್ನೋ ಅರ್ಥ ಮಾತ್ರ ಲ್ಯಾಟಿನ್‌ನಿಂದ ಹಳೆಯ ಫ್ರೆಂಚ್ ದಾಟಿ ಬಂದದ್ದು. ಎರಡು ಬೇರೆ ಬೇರೆ ಪದಗಳು ಬರ್ತಾ ಬರ್ತಾ ಒಂದರೊಳಗೊಂದು ಬೆರೆತುಹೋದವು.

ನಮ್ಮಲ್ಲಿಗೆ ಬಂದ ಮೇಲೂ ಅದು ಸುಮ್ನೆ ಕೂತಿಲ್ಲ. ಹೋಟೆಲಲ್ಲಿ ಸೆಟ್ ದೋಸೆ ಆಯ್ತು, ಸಿನಿಮಾದವರ ಸೆಟ್ ಆಯ್ತು. ‘ಆ ಕೆಲಸ ನನಗೆ ಸೆಟ್ ಆಗ್ಲಿಲ್ಲ’ ಅಂತೀವಲ್ವಾ? ಲಂಡನ್ನಿನವರಿಗೆ ಹಾಗೆ ಹೇಳಿದರೆ ತಟ್ಟನೆ ಹೊಳೆಯಲಿಕ್ಕಿಲ್ಲ. ಆ ಬಳಕೆ ನಮ್ಮ ಬಾಯಲ್ಲಿ ಬೆಳೆದದ್ದು. ನನಗಂತೂ ಅದೇ ದೊಡ್ಡ ಖುಷಿ. ನಿಮ್ಮ ಕಡೆ ಇನ್ನೇನಕ್ಕೆಲ್ಲ ‘ಸೆಟ್’ ಅಂತಾರೆ, ಹೇಳಿ.