ಲ್ವಿವ್‌ನಲ್ಲಿ ಈಗ ಎಷ್ಟು ಜನ ಇದ್ದಾರೆ? ಕೂಡಿಸಿದರೆ ಸಿಗದ ಲೆಕ್ಕ

ಉಕ್ರೇನಿನಲ್ಲಿ ಕಡೆಯ ಜನಗಣತಿ ನಡೆದದ್ದು 2001ರಲ್ಲಿ. 2019ರ ಕೊನೆಗೆ ಸಚಿವರಾಗಿದ್ದ ದಿಮಿತ್ರೊ ದುಬಿಲೆತ್ ಮೊಬೈಲ್ ಕಂಪನಿಗಳ ಮಾಹಿತಿಯನ್ನೂ ಸರ್ಕಾರಿ ದಾಖಲೆಗಳನ್ನೂ ತಾಳೆ ಹಾಕಿಸಿ, ಕ್ರೈಮಿಯಾ ಮತ್ತು ಪೂರ್ವದ ದೊನ್‌ಬಾಸ್ ಪ್ರದೇಶದ ಆಕ್ರಮಿತ ಭಾಗ ಬಿಟ್ಟು ದೇಶದ ಜನಸಂಖ್ಯೆ 3.73 ಕೋಟಿ ಎಂದು ಒಂದು ಅಂದಾಜು ಕೊಟ್ಟರು. ಹಾಗಾಗಿ 2022ರ ಫೆಬ್ರವರಿ 24ರಂದು ರಷ್ಯಾದ ಪೂರ್ಣ ಪ್ರಮಾಣದ ದಾಳಿ ಶುರುವಾದಾಗ, ಪಶ್ಚಿಮದ ಲ್ವಿವ್ ನಗರಕ್ಕೆ ತನ್ನ ಮೂಲ ಜನಸಂಖ್ಯೆಯೇ ಖಾತ್ರಿ ಇರಲಿಲ್ಲ. ಕಾಗದದ ಮೇಲೆ ಸುಮಾರು 7.2 ಲಕ್ಷ. ಎರಡು ಲಕ್ಷ ಜನ ಬಂದು ಸೇರಿದ್ದಾರೆ ಎಂದು ಮೇಯರ್ ಆಂದ್ರಿಯ್ ಸಾದೊವಿಯ್ ಮಾರ್ಚ್‌ನಲ್ಲಿ ಹೇಳಿದರು. ಎರಡನ್ನೂ ಕೂಡಿಸಿ 9.2 ಲಕ್ಷ ಎನ್ನುವುದು ಸುಲಭ, ಆದರೆ ತಪ್ಪು. ಪೋಲೆಂಡ್ ಗಡಿ ಅಲ್ಲಿಂದ ಹೆಚ್ಚುಕಮ್ಮಿ 70 ಕಿ.ಮೀ. ಅಷ್ಟೇ. ಬಂದವರಲ್ಲಿ ಎಷ್ಟೋ ಜನ ಎರಡು ರಾತ್ರಿ ತಂಗಿ ಗಡಿ ದಾಟಿದರು, ಲ್ವಿವ್‌ನವರೇ ಅನೇಕರು ಮಕ್ಕಳನ್ನು ಕರೆದುಕೊಂಡು ಹೊರಟರು. ಕೂಡುವ ಸಂಖ್ಯೆಯ ಜೊತೆಗೆ ಕಳೆಯುವ ಸಂಖ್ಯೆಯೂ ಬೇಕು, ಅದನ್ನು ಯಾರೂ ಬರೆದಿಡುವುದಿಲ್ಲ.

ಇನ್ನು ಯುದ್ಧದಿಂದ ಊರು ಬಿಟ್ಟು ದೇಶದೊಳಗೇ ಬೇರೆಡೆ ನೆಲೆಸಿದವರಿಗೆ ಸರ್ಕಾರ ಕೊಡುವ ಸ್ಥಳಾಂತರಿತರ ಪ್ರಮಾಣಪತ್ರದ ವಿಷಯ. ಇದು 2014ರ ಕಾನೂನಿನಿಂದ ಬಂದದ್ದು. ಆಕ್ರಮಿತ ಪ್ರದೇಶದ ವೃದ್ಧರಿಗೆ ಪಿಂಚಣಿ ಸಿಗಬೇಕಾದರೆ ಸರ್ಕಾರದ ಹಿಡಿತದಲ್ಲಿರುವ ಊರಿನಲ್ಲಿ ಸ್ಥಳಾಂತರಿತರೆಂದು ನೋಂದಾಯಿಸಿಕೊಳ್ಳಲೇಬೇಕಿತ್ತು. ಹಾಗಾಗಿ ಆಕ್ರಮಿತ ದೊನೆತ್ಸ್ಕ್ ನಗರದ ಮನೆಯಲ್ಲೇ ಇದ್ದುಕೊಂಡು, ಆಗಾಗ ಎರಡೂ ಕಡೆಯ ಹಿಡಿತವನ್ನು ಬೇರ್ಪಡಿಸುವ ರೇಖೆ ದಾಟಿ ಬಂದು ಹಣ ತೆಗೆದುಕೊಂಡು ಹೋಗುವವರೂ ಪಟ್ಟಿಗೆ ಸೇರಿದರು. 2022ರ ನಂತರ ಕಾರಣ ಬದಲಾಯಿತು, ರೋಗ ಅದೇ. ತಿಂಗಳಿಗೆ ವಯಸ್ಕರಿಗೆ 2,000 ಹ್ರಿವ್ನಿಯಾ (ಉಕ್ರೇನಿನ ಹಣ), ಮಕ್ಕಳಿಗೂ ಅಂಗವಿಕಲರಿಗೂ 3,000 ಕೊಡಲು ಶುರು ಮಾಡಿದರು. ಅರ್ಜಿ ಹಾಕಲು ಕಾರಣವಿದೆ, ವಾಪಸ್ ಊರಿಗೆ ಹೋದಾಗ ಹೆಸರು ತೆಗೆಸಲು ಕಾರಣವಿಲ್ಲ. 2023ರ ಕೊನೆಯ ಹೊತ್ತಿಗೆ ಸರ್ಕಾರಿ ಪಟ್ಟಿಯಲ್ಲಿ ಸುಮಾರು 49 ಲಕ್ಷ ಜನ. ಅದೇ ಹೊತ್ತಿನಲ್ಲಿ ವಿಶ್ವಸಂಸ್ಥೆಯ ವಲಸೆ ಸಂಘಟನೆ ಯಾದೃಚ್ಛಿಕ ಫೋನ್ ಸಮೀಕ್ಷೆ ಮಾಡಿ ಹೇಳಿದ್ದು ಸುಮಾರು 37 ಲಕ್ಷ. ನಗರ ಯೋಜನೆ ಮಾಡುವವರು ಮೊದಲ ಸಂಖ್ಯೆ ಹಿಡಿದರೆ ಆಶ್ರಯತಾಣಗಳಲ್ಲಿ ಹಾಸಿಗೆ ಖಾಲಿ ಬೀಳುತ್ತವೆ. ಎರಡನೆಯದನ್ನೇ ಹಿಡಿದರೆ ಬೇರೆ ತೊಂದರೆ: ಅದು ದೇಶ, ಪ್ರಾಂತ್ಯದ ಮಟ್ಟಕ್ಕೆ ಸರಿ, ಒಂದು ಬಡಾವಣೆಗೆ ಇಳಿಸಿದರೆ ಮಾದರಿ ತೀರಾ ಚಿಕ್ಕದಾಗುತ್ತದೆ.

ಒಂದು ಕಾಲ್ಪನಿಕ ಮನೆಯನ್ನೇ ತೆಗೆದುಕೊಳ್ಳಿ. ರಷ್ಯಾ ಗಡಿಯ ಹತ್ತಿರದ ಖಾರ್ಕಿವ್ ನಗರದಿಂದ ಬಂದು ಲ್ವಿವ್‌ನಲ್ಲಿ ಎರಡು ಕೋಣೆಯ ಬಾಡಿಗೆ ಫ್ಲ್ಯಾಟ್‌ನಲ್ಲಿರುವ ಅಜ್ಜಿ, ಮಗಳು, ಒಂಬತ್ತು ವರ್ಷದ ಮೊಮ್ಮಗ. ಅಳಿಯ ಖಾರ್ಕಿವ್‌ನಲ್ಲೇ ಉಳಿದಿದ್ದಾನೆ. ಅಜ್ಜಿಗೂ ಮಗುವಿಗೂ ಪ್ರಮಾಣಪತ್ರ ಇದೆ, ಮಗಳು ಮಾಡಿಸಿಲ್ಲ. ಹುಡುಗ ಓದುವುದು ಖಾರ್ಕಿವ್ ಶಾಲೆಯ ಆನ್‌ಲೈನ್ ತರಗತಿಯಲ್ಲಿ, ಆದ್ದರಿಂದ ಲ್ವಿವ್‌ನ ಶಾಲಾ ದಾಖಲೆಯಲ್ಲಿ ಅವನಿಲ್ಲ. ಅಜ್ಜಿ ಹಳೆಯ ಕುಟುಂಬ ವೈದ್ಯರ ಜೊತೆಗಿನ ಒಪ್ಪಂದಪತ್ರ ಬದಲಿಸಿಲ್ಲ, ನೋಂದಾಯಿತ ರೋಗಿಗೆ ತಲಾ ಇಷ್ಟು ಎಂದು ಸರ್ಕಾರ ಕೊಡುವ ಆರೋಗ್ಯ ಹಣ ಖಾರ್ಕಿವ್ ಕ್ಲಿನಿಕ್ಕಿಗೇ ಹೋಗುತ್ತದೆ. ಮಗಳ ಕಂಪನಿ ಖಾರ್ಕಿವ್‌ನಲ್ಲಿ ನೋಂದಣಿಯಾದದ್ದು. ಉಕ್ರೇನಿನಲ್ಲಿ ವೈಯಕ್ತಿಕ ಆದಾಯ ತೆರಿಗೆಯ ಸ್ಥಳೀಯ ಪಾಲು ಸೇರುವುದು ನೌಕರರು ವಾಸವಿರುವ ಊರಿಗಲ್ಲ, ಕಂಪನಿ ಇರುವ ಊರಿಗೆ. ಆದರೆ ಮೂವರ ನೀರು, ಕಸ, ಬಸ್ಸು, ಚಳಿಗಾಲದ ಬಿಸಿನೀರಿನ ಕೊಳವೆ ಎಲ್ಲವೂ ಲ್ವಿವ್‌ನ ಪಾಲಿಗೆ. ನಾಲ್ಕು ಕಚೇರಿಗಳನ್ನು ಕೇಳಿದರೆ ಈ ಮನೆಯಲ್ಲಿ ಇಬ್ಬರಿದ್ದಾರೆ ಎಂದು ಒಂದು ಕಚೇರಿ ಹೇಳುತ್ತದೆ, ಯಾರೂ ಇಲ್ಲ ಎಂದು ಉಳಿದ ಮೂರು!

ಹಾಗಾದರೆ ಎಣಿಸುವುದು ಹೇಗೆ? ಮೊಬೈಲ್ ಮಾಹಿತಿ ಒಳ್ಳೆಯ ಆರಂಭ. ಫೋನ್ ರಾತ್ರಿ ಯಾವ ಟವರ್‌ನಡಿ ಇತ್ತು ನೋಡಿ, ಹಲವು ವಾರ ಅಲ್ಲೇ ಇದ್ದರೆ ಮಾತ್ರ ನಿವಾಸಿ ಎಂದು ಹಿಡಿಯಬೇಕು, ಇಲ್ಲದಿದ್ದರೆ ರೈಲು ಬದಲಿಸಲು ಇಳಿದವರೆಲ್ಲ ಸೇರಿಬಿಡುತ್ತಾರೆ. ಎರಡು ಸಿಮ್ ಇಟ್ಟುಕೊಂಡವರು ಎರಡು ಸಲ ಬರುತ್ತಾರೆ, ಚಿಕ್ಕ ಮಕ್ಕಳು ಬರುವುದೇ ಇಲ್ಲ. 2022ರ ಮಾರ್ಚ್‌ನಲ್ಲಿ ಮೂರು ದೊಡ್ಡ ಕಂಪನಿಗಳು ದೇಶದೊಳಗೇ ರೋಮಿಂಗ್ ತೆರೆದವು. ಟವರ್ ಕೆಟ್ಟ ಕಡೆ ಒಂದರ ಗ್ರಾಹಕರು ಇನ್ನೊಂದರ ಜಾಲದಲ್ಲಿ ಕಾಣಿಸಿಕೊಳ್ಳುವುದರಿಂದ ಕಂಪನಿಯ ಮಾರುಕಟ್ಟೆ ಪಾಲು ನೋಡಿ ಅದರ ಗ್ರಾಹಕರಿಂದ ಒಟ್ಟು ಜನರನ್ನು ಅಂದಾಜಿಸುವ ಹಳೆಯ ಗುಣಕವೂ ನಂಬುವಂತಿಲ್ಲ. ಆದ್ದರಿಂದ ಮನೆಬಳಕೆಯ ನೀರಿನ ಜೊತೆ ತಾಳೆ ನೋಡುವುದು ಒಳ್ಳೆಯದು. ಕಾರ್ಖಾನೆ ಬಳಕೆಯನ್ನು ಬೇರೆ ಮಾಡಿ, ಯುದ್ಧಕ್ಕೆ ಮುಂಚಿನ ಅದೇ ತಿಂಗಳಿಗೆ ಹೋಲಿಸಬೇಕು. ಜನವರಿಯನ್ನು ಜುಲೈಗೆ ಹೋಲಿಸಿದರೆ ಋತುವನ್ನು ಅಳೆದಂತಾಗುತ್ತದೆ.

ನನ್ನ ಪ್ರಕಾರ ಒಟ್ಟು ಸಂಖ್ಯೆಗಿಂತ ವಯಸ್ಸಿನ ಹಂಚಿಕೆ ಮುಖ್ಯ. 18ರಿಂದ 60ರ ಗಂಡಸರು ದೇಶ ಬಿಡುವಂತಿಲ್ಲ ಎಂಬ ನಿಯಮ ಯುದ್ಧದ ಮೊದಲ ದಿನವೇ ಬಂತು (2025ರ ಆಗಸ್ಟ್‌ನಲ್ಲಿ 18ರಿಂದ 22ರವರಿಗೆ ಸಡಿಲವಾಯಿತು), ಮೂರು ಅಥವಾ ಹೆಚ್ಚು ಮಕ್ಕಳಿದ್ದವರಂಥ ಕೆಲವರಿಗೆ ವಿನಾಯಿತಿ. ಸೇನೆಗೆ ಹೋದವರು, ಊರಲ್ಲೇ ಕೆಲಸಕ್ಕೆ ಉಳಿದವರು ಬೇರೆ. ಆತಿಥೇಯ ನಗರಕ್ಕೆ ಬರುವುದು ಹೆಚ್ಚಾಗಿ ಹೆಂಗಸರು, ಮಕ್ಕಳು, ವೃದ್ಧರು. ಅದೇ ಹೊತ್ತಿಗೆ ಸ್ಥಳೀಯ ಎಳೆಯ ಕುಟುಂಬಗಳು ಪೋಲೆಂಡಿಗೆ ಹೋಗಿರುತ್ತವೆ. ಒಟ್ಟು ಅಷ್ಟೇ ಇದ್ದರೂ ಬೇಡಿಕೆ ಪೂರ್ತಿ ಬೇರೆ: ಲಿಫ್ಟ್ ಇಲ್ಲದ ಐದನೇ ಮಹಡಿಯ ಬಾಡಿಗೆ ಮನೆಗೆ ಮೊಣಕಾಲು ನೋವಿನ ಅಜ್ಜಿ ಹೋಗಲಾರರು, ಕಟ್ಟಡದ ಕೆಲಸಕ್ಕೆ ಆಳು ಸಿಗುವುದಿಲ್ಲ.

ಆಶ್ರಯ ಕೊಟ್ಟ ಊರೇ ಖಾಲಿಯಾಗುವುದೂ ಉಂಟು. ಖಾರ್ಕಿವ್ ಕನ್ನಡಿಗರಿಗೆ ಹೊಸ ಹೆಸರಲ್ಲ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದದ್ದು ಅಲ್ಲೇ. 2014ರಲ್ಲಿ ದೊನ್‌ಬಾಸ್‌ನವರಿಗೆ ಆಸರೆಯಾಗಿದ್ದ ಆ ನಗರದಿಂದ 2022ರಲ್ಲಿ ಲಕ್ಷಾಂತರ ಜನ ಓಡಿದರು. 2024ರ ಮೇ ತಿಂಗಳಲ್ಲಿ ಗಡಿಯ ಪಕ್ಕದ ಪಟ್ಟಣ ವೊವ್ಚಾನ್ಸ್ಕ್ ಮೇಲೆ ದಾಳಿಯಾದಾಗ ಅಲ್ಲಿನವರು ಬಂದದ್ದು ಮತ್ತೆ ಖಾರ್ಕಿವ್‌ಗೇ. ಅದೇ ತಿಂಗಳು ಅಲ್ಲಿ ಮೊದಲ ಭೂಗತ ಶಾಲೆ ತೆರೆಯಿತು: ಒಂದು ಪಾಳಿಗೆ 450 ಮಕ್ಕಳು, ಎರಡು ಪಾಳಿ. ಅಲ್ಲಿ ಶಾಲೆಗೆ ಎಷ್ಟು ಮಕ್ಕಳು ಬರಬಹುದು ಎಂಬುದನ್ನು ತೀರ್ಮಾನಿಸುವುದು ನೆಲದಡಿ ಎಷ್ಟು ಬೆಂಚು ಹಿಡಿಯುತ್ತವೆ ಎಂಬ ಲೆಕ್ಕ.