ದೋನಾ ಪಾವ್ಲಾದಲ್ಲಿ ಐದು ದಿನ: ಹಾಯಿದೋಣಿ ಕಲಿಯಲು ಹೋಗುವವರಿಗೆ

ಧಾರವಾಡದವರಿಗೆ ಗೋವಾ ದೂರದ ಊರಲ್ಲ. ರಾತ್ರಿ ಮಾತಾಡಿಕೊಂಡು ಬೆಳಿಗ್ಗೆ ಬಸ್ ಹತ್ತಿಬಿಡುತ್ತೇವೆ. ಈ ಸಲ ಸಂಕ್ರಾಂತಿ ರಜೆಗೆ ಇನ್ನೂ ನಾಲ್ಕು ದಿನ ಸೇರಿಸಿಕೊಂಡು ನಾನು ಮತ್ತು ಹನ್ನೊಂದು ವರ್ಷದ ಮಗಳು ಒಂದೇ ಕೆಲಸಕ್ಕಾಗಿ ಹೋಗಿದ್ದೆವು. ಹಾಯಿದೋಣಿ ನಡೆಸುವುದನ್ನು ಕಲಿಯಬೇಕಿತ್ತು. ನೀವೂ ಹೋಗುವುದಾದರೆ ಮೊದಲೇ ಹೇಳಿಬಿಡುತ್ತೇನೆ, ಐದು ದಿನ ಇದಕ್ಕೇ ಎತ್ತಿಡಿ. ಎರಡು ದಿನದಲ್ಲಿ ದೋಣಿಯಲ್ಲಿ ಕೂತು ಬರಬಹುದು, ನಡೆಸಲು ಬರುವುದಿಲ್ಲ.

ಎರಡು ವರ್ಷದ ಹಿಂದೆ ನಾನು ಆ ತಪ್ಪು ಮಾಡಿದ್ದೆ. ಉತ್ತರ ಗೋವಾದ ಒಂದು ಬೀಚಿನಲ್ಲಿ ಒಬ್ಬರು ‘ಸೇಲಿಂಗ್ ಕಲಿಸ್ತೀವಿ’ ಎಂದು ದುಡ್ಡು ತೆಗೆದುಕೊಂಡರು. ಹೋಗಿ ನೋಡಿದರೆ ಮೋಟಾರು ದೋಣಿಗೆ ಒಂದು ಬಟ್ಟೆ ಕಟ್ಟಿದ್ದರು. ಅರ್ಧ ಗಂಟೆ ಸುತ್ತಿಸಿ ಫೋಟೊ ತೆಗೆದು ಇಳಿಸಿದರು. ಚುಕ್ಕಾಣಿಯನ್ನು ಮುಟ್ಟಲೂ ಬಿಡಲಿಲ್ಲ. ಆಮೇಲಿಂದ ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳುತ್ತೇನೆ. ಒಬ್ಬ ಕಲಿಸುವವರಿಗೆ ಎಷ್ಟು ಜನ ಕಲಿಯುವವರು? ದಿನಕ್ಕೆ ಎಷ್ಟು ಹೊತ್ತು ಚುಕ್ಕಾಣಿ ನನ್ನ ಕೈಯಲ್ಲಿ ಇರುತ್ತದೆ? ಕಾಪಾಡಲು ಮೋಟಾರು ದೋಣಿ ನೀರಿನಲ್ಲೇ ಇರುತ್ತದಾ, ದಡದಲ್ಲಾ? ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯಾ? ದೇಶದ ಹಾಯಿದೋಣಿ ಕ್ರೀಡೆಯ ಸಂಘವಾದ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದ ಜೊತೆ ಸೇರಿದ ಕ್ಲಬ್ಬಾ ಎಂದೂ ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ದೋನಾ ಪಾವ್ಲಾ ಪಣಜಿಯಿಂದ ಏಳು ಕಿಲೋಮೀಟರ್, ಟೌನ್ ಬಸ್ಸು ಸಿಗುತ್ತದೆ. ರಾಜಭವನ ಇರುವ ಕಾಬೋ ಗುಡ್ಡ ಸಮುದ್ರಕ್ಕೆ ಮೂಗಿನ ಹಾಗೆ ಚಾಚಿಕೊಂಡಿದೆ. ಅದರ ಉತ್ತರಕ್ಕೆ ಮಾಂಡವಿ ನದಿ, ದಕ್ಷಿಣಕ್ಕೆ ಜುವಾರಿ ನದಿ ಸಮುದ್ರ ಸೇರುತ್ತವೆ. ನಾವು ಕಲಿತದ್ದು ಜುವಾರಿ ಕಡೆ. ಗುಡ್ಡದ ಮರೆ ಇರುವುದರಿಂದ ದಡದ ಹತ್ತಿರ ಅಲೆ ಕಮ್ಮಿ, ಸ್ವಲ್ಪ ಆಚೆ ಹೋದರೆ ಒಳ್ಳೆಯ ಗಾಳಿ. ಎದುರಿಗೆ ಮುರ್ಮಗೋವಾ ಬಂದರು ಕಾಣುತ್ತದೆ. ಬಾರ್ಜು, ಹಡಗುಗಳು ಆ ಕಡೆ ಓಡಾಡುತ್ತವೆ. ಅವು ನಿಮಗಾಗಿ ತಿರುಗಲಾರವು, ನೀವೇ ದೂರ ಇರಬೇಕು.

ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋಗುವುದು ಒಳ್ಳೆಯದು. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಕಡಲಿನ ಹತ್ತಿರವೂ ಸುಳಿಯಬೇಡಿ. ಕ್ರಿಸ್‌ಮಸ್ಸಿನಿಂದ ಹೊಸವರ್ಷದ ತನಕ ರೂಮಿನ ಬಾಡಿಗೆ ಕೇಳುವ ಹಾಗೇ ಇರುವುದಿಲ್ಲ.

ಈಗ ಗಾಳಿಯ ವಿಷಯ. ಎಲ್ಲ ಇರುವುದು ಇದರಲ್ಲೇ. ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ ಬೀಸುತ್ತದೆ. ಹತ್ತು ಹನ್ನೊಂದು ಗಂಟೆಗೆ ಅದು ಸತ್ತುಹೋಗುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ಸಂಜೆವರೆಗೂ ಜೋರಾಗುತ್ತಾ ಹೋಗುತ್ತದೆ. ಇದು ಗೊತ್ತಿಲ್ಲದೆ ಮೊದಲ ದಿನ ಹತ್ತೂವರೆಗೆ ಕ್ಲಾಸ್ ಹೇಳಿದ್ದೆ. ದೋಣಿ ನೀರಿನ ಮೇಲೆ ಸುಮ್ನೆ ನಿಂತಿತು. ಹಾಯಿ ಒಗೆದು ಒಣಗಲು ಹಾಕಿದ ಸೀರೆಯ ಹಾಗೆ ಜೋತುಬಿತ್ತು. ಮೋಟಾರು ದೋಣಿಗೆ ಹಗ್ಗ ಕಟ್ಟಿಸಿಕೊಂಡು ದಡಕ್ಕೆ ಬಂದೆವು. ಮರುದಿನದಿಂದ ಬೆಳಿಗ್ಗೆ ಏಳರಿಂದ ಒಂಬತ್ತು, ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕು. ಹೊಸಬರು ಬೆಳಗಿನ ಮೆದು ಗಾಳಿಯಲ್ಲಿ ಕಲಿತು ಮಧ್ಯಾಹ್ನ ಧೈರ್ಯ ನೋಡಿಕೊಳ್ಳಬಹುದು. ಐದರಿಂದ ಹತ್ತು ನಾಟ್ ಗಾಳಿ ಸಾಕು. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್ ವೇಗ. ಹದಿನೈದು ದಾಟಿದರೆ ಕಲಿಯುವವರು ದಡದಲ್ಲೇ ಕೂತು ನೋಡುವುದು ಒಳ್ಳೆಯದು.

ಗಾಳಿ ಹಿಂದಿನಿಂದ ತಳ್ಳಿದರೆ ದೋಣಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಗಾಳಿ ಬರುವ ಕಡೆಗೇ ಹೋಗುವುದು ಹೇಗೆ? ನೇರವಾಗಿ ಹೋಗಲು ಆಗುವುದಿಲ್ಲ. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಸ್ವಲ್ಪ ದೂರ, ತಿರುಗಿಸಿ ಇನ್ನೊಂದು ಕಡೆಗೆ ಓರೆಯಾಗಿ ಸ್ವಲ್ಪ ದೂರ, ಹೀಗೆ ಘಾಟಿಯ ರಸ್ತೆ ಏರಿದ ಹಾಗೆ ಹೋಗಬೇಕು. ದೋಣಿಯ ನಡುವೆ ನೀರಿಗೆ ಇಳಿಬಿಡುವ ಒಂದು ಹಲಗೆ ಇರುತ್ತದೆ, ಸೆಂಟರ್‌ಬೋರ್ಡ್. ಗಾಳಿ ಪಕ್ಕಕ್ಕೆ ನೂಕುತ್ತದೆ, ಹಲಗೆ ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ನೆನೆದ ಹುಣಸೆ ಬೀಜವನ್ನು ಎರಡು ಬೆರಳಲ್ಲಿ ಒತ್ತಿದರೆ ಮುಂದಕ್ಕೆ ಚಿಮ್ಮುತ್ತದಲ್ವಾ, ಹೆಚ್ಚುಕಡಿಮೆ ಹಾಗೆ. ನನಗೆ ಇದು ತಲೆಗೆ ಹೋಗಲು ಎರಡು ದಿನ ಬೇಕಾಯಿತು. ಮೂರನೇ ದಿನ ದೋಣಿ ನನ್ನ ಕೈಯಲ್ಲಿ ಮೊದಲ ಸಲ ಗಾಳಿಯ ಕಡೆಗೆ ಏರಿದಾಗ ಕಣ್ಣಲ್ಲಿ ನೀರು ಬಂತು. ಮೋಟಾರಿಲ್ಲ, ಸದ್ದಿಲ್ಲ. ದೋಣಿಯ ಅಡಿಗೆ ನೀರು ಗಲಗಲ ಅನ್ನುವುದಷ್ಟೇ ಕೇಳುತ್ತಿತ್ತು.

ಕಲಿಸುವವರು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹೇಳುತ್ತಿದ್ದರು. ಟಿಲ್ಲರ್, ಬೂಮ್, ಮೇನ್‌ಶೀಟ್. ಟಿಲ್ಲರ್ ಅಂದರೆ ಚುಕ್ಕಾಣಿಯ ಹಿಡಿಕೆ. ಶೀಟ್ ಅಂದರೆ ಹಾಳೆಯಲ್ಲ, ಹಾಯಿ ಎಳೆಯುವ ಹಗ್ಗ. ಗಾಬರಿಯಲ್ಲಿ ಇದೆಲ್ಲ ಮರೆತುಹೋಗುತ್ತದೆ. ಎರಡನೇ ದಿನ ಮಧ್ಯಾಹ್ನ ಗಾಳಿ ಒಮ್ಮೆಲೇ ಬೀಸಿ ದೋಣಿ ಒಂದು ಮಗ್ಗುಲಿಗೆ ವಾಲಿತು. ನಾನು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಆಗ ಕಾಪಾಡುವ ದೋಣಿಯಿಂದ ಕೂಗು ಬಂತು: “ಅಕ್ಕಾರ, ಹಗ್ಗ ಬಿಡ್ರಿ! ಹಗ್ಗ ಬಿಡ್ರಿ ಮೊದ್ಲ!” ಬಿಟ್ಟೆ. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನೆಟ್ಟಗಾಯಿತು. ಕೂಗಿದವನು ರೋಣದ ಕಡೆಯ ಹುಡುಗ, ಅಲ್ಲಿ ದೋಣಿ ಎಳೆದು ಇಳಿಸುವ ಕೆಲಸಕ್ಕೆ ಇದ್ದಾನೆ. ಗೋವಾದಲ್ಲಿ ಗದಗ, ಬಾಗಲಕೋಟೆ, ವಿಜಯಪುರ ಕಡೆಯ ಜನ ಬೇಕಾದಷ್ಟಿದ್ದಾರೆ. ಹೋದ ಕೂಡಲೇ ಕನ್ನಡದಲ್ಲಿ ಒಂದು ಮಾತಾಡಿ ನೋಡಿ. ಆ ಮೂರು ಮಾತು ಐದು ದಿನವೂ ನನ್ನ ಕಿವಿಯಲ್ಲಿತ್ತು. ಏನೂ ತೋಚದಿದ್ದಾಗ ಹಗ್ಗ ಬಿಡಬೇಕು.

ದೋಣಿ ಮಗುಚುವುದಕ್ಕೆ ಹೆದರಬೇಡಿ. ಮೂರನೇ ದಿನ ಬೇಕೆಂದೇ ಮಗುಚಿಸಿ ಕಲಿಸುತ್ತಾರೆ. ಕಲಿಸದಿದ್ದರೆ ನೀವೇ ಕೇಳಿ. ಮೊದಲು ದೋಣಿಯನ್ನು ಹಿಡಿದುಕೊಳ್ಳಿ, ಬಿಟ್ಟು ಈಜಲು ಹೋಗಬೇಡಿ. ಹಾಯಿಯ ಹಗ್ಗ ಸಡಿಲ ಮಾಡಿ. ಸುತ್ತಿ ಬಂದು ಸೆಂಟರ್‌ಬೋರ್ಡಿನ ಮೇಲೆ ನಿಂತು ಅಂಚು ಹಿಡಿದು ಹಿಂದಕ್ಕೆ ವಾಲಿ. ನಿಧಾನವಾಗಿ ದೋಣಿ ಏಳುತ್ತದೆ. ಇದನ್ನು ಒಮ್ಮೆ ಮಾಡಿದ ಮೇಲೆ ನನ್ನ ಅರ್ಧ ಭಯ ಹೋಯಿತು. ಅಷ್ಟಿಷ್ಟು ಈಜು ಬರುವುದಂತೂ ಬೇಕೇ ಬೇಕು, ಜಾಕೆಟ್ ಇದ್ದರೂ. ಇನ್ನೊಂದು, ಹಾಯಿಯ ಕೆಳಗಿನ ಅಡ್ಡಕಂಬವೇ ಬೂಮ್. ತಿರುಗುವಾಗ ಅದು ತಲೆಯ ಮಟ್ಟದಲ್ಲೇ ಬೀಸಿಕೊಂಡು ಬರುತ್ತದೆ. ಮೊದಲು ತಲೆ ಬಗ್ಗಿಸಿ, ಆಮೇಲೆ ಉಳಿದದ್ದು.

ಮಗಳಿಗೆ ಕೊಟ್ಟದ್ದು ಆಪ್ಟಿಮಿಸ್ಟ್, ಮಕ್ಕಳಿಗೆಂದೇ ಮಾಡಿದ ಸುಮಾರು 2.3 ಮೀಟರ್ ಉದ್ದದ ಪುಟ್ಟ ದೋಣಿ. ಅವಳು ನನಗಿಂತ ಬೇಗ ಕಲಿತಳು. ಮಕ್ಕಳು ಹಾಯಿಯನ್ನು ನೋಡುತ್ತಾ ನಡೆಸುತ್ತಾರೆ. ನಾವು ದೊಡ್ಡವರು ಕೈಯನ್ನೇ ನೋಡುತ್ತಾ ಕೂರುತ್ತೇವೆ.

ಬಟ್ಟೆಯ ಮಾತು: ಹತ್ತಿ ಬೇಡ, ನೆನೆದರೆ ಭಾರ. ತೋಳು ಮುಚ್ಚುವ ಈಜುಡುಗೆ, ಹಿಂದೆ ಪಟ್ಟಿ ಇರುವ ಚಪ್ಪಲಿ, ದಾರ ಕಟ್ಟಿದ ಟೋಪಿ, ಹಗ್ಗ ಎಳೆಯಲು ಕೈಗವಸು. ಕೈಗವಸು ಇಲ್ಲದೆ ನನ್ನ ಅಂಗೈಯಲ್ಲಿ ನಾಲ್ಕು ಗುಳ್ಳೆ ಎದ್ದವು. ಬೆಳಗಿನ ಕ್ಲಾಸಿಗೆ ಮೊದಲು ಜಾಸ್ತಿ ತಿನ್ನಬೇಡಿ. ಮುಗಿಸಿ ಬಂದು ಪಣಜಿಯಲ್ಲಿ ಪಾವ್-ಭಾಜಿ ತಿಂದರೆ ಸ್ವರ್ಗ.

ಕೊನೆಯ ರಾತ್ರಿ ದಿವಾರ್ ದ್ವೀಪದಲ್ಲಿ ಉಳಿಯಿರಿ. ಹಳೆ ಗೋವಾದಿಂದ ಫೆರಿಯಲ್ಲಿ ಐದು ಹತ್ತು ನಿಮಿಷ. ಕೊನೆಯ ಫೆರಿ ಎಷ್ಟು ಗಂಟೆಗೆ ಎಂದು ಕೇಳಿಕೊಂಡೇ ಹೋಗಿ. ನೌಕಾಪಡೆಯ ಹಾಯಿದೋಣಿ ‘ಮಾದೇಯಿ’ ತಯಾರಾದದ್ದು ಈ ದ್ವೀಪದ ಕಾರ್ಖಾನೆಯಲ್ಲಿ. 2009–10ರಲ್ಲಿ ನೌಕಾಪಡೆಯ ಅಧಿಕಾರಿ ದಿಲೀಪ್ ದೋಂದೆ ಅದರಲ್ಲಿ ಒಬ್ಬರೇ ಜಗತ್ತು ಸುತ್ತಿ ಬಂದರು, ಭಾರತೀಯರಲ್ಲಿ ಅವರೇ ಮೊದಲಿಗರು. ಅಲ್ಲೇ ಕಟ್ಟಿದ ‘ತಾರಿಣಿ’ಯಲ್ಲಿ ಆರು ಜನ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಹೊರಟು ಜಗತ್ತು ಸುತ್ತಿ 2018ರ ಮೇ ತಿಂಗಳಲ್ಲಿ ಗೋವಾಕ್ಕೇ ಮರಳಿದರು. ಫೆರಿಯಲ್ಲಿ ನಿಂತು ಮಗಳಿಗೆ ಇದನ್ನೆಲ್ಲ ಹೇಳಿದೆ. ಕೆಳಗೆ ಹರಿಯುತ್ತಿದ್ದ ಮಾಂಡವಿ ನಮ್ಮ ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟಿದ ಮಹದಾಯಿ ಎಂದಾಗ ಅವಳು ಬಗ್ಗಿ ನೀರನ್ನೇ ನೋಡುತ್ತಾ ನಿಂತಳು.

ಊರಿಗೆ ಹೊರಡುವ ದಿನ ಕ್ಲಾಸ್ ಇಟ್ಟುಕೊಳ್ಳಬೇಡಿ. ಭುಜ, ತೊಡೆ ಎಲ್ಲ ನೋಯುತ್ತಿರುತ್ತದೆ, ಘಾಟಿಯ ತಿರುವುಗಳಲ್ಲಿ ಐದಾರು ಗಂಟೆ ಕೂರಬೇಕು. ಬೆಳಗಿನ ಬಸ್ಸಿಗೇ ಸೀಟು ಕಾಯ್ದಿರಿಸಿ. ನೆನೆದ ಬಟ್ಟೆಗೆ ಒಂದು ಬೇರೆ ಚೀಲ ಇರಲಿ.